ಗಡಿಯಾರದಜ್ಜನ ಹೊಟ್ಟೆಯ ಗಂಟೆ

ತನ್ನ ಹೊಟ್ಟೆಯ ವಿಷಯದಲ್ಲಿ ಇನ್ನೊಬ್ಬರು ಬುದ್ಧಿ ಹೇಳಿದರೆ ಗಡಿಯಾರ ರಿಪೇರಿಯ ಅಜ್ಜನಿಗೆ ಮೈಯೆಲ್ಲ ಉರಿ. ಅದರಲ್ಲೂ ಈ ಸಲ ಹೇಳಿದವಳು ಸ್ವಂತ ಸೊಸೆ, ಆಸ್ಪತ್ರೆಯ ನರ್ಸು.

“ಮಾವ, ನಿಮಗಾಗೋದು ಹಸಿವಲ್ಲ, ಅಭ್ಯಾಸ. ಗಂಟೆ ಹೊಡೆದ್ರೆ ಸಾಕು, ಕೈ ಬಿಸ್ಕತ್ತಿನ ಡಬ್ಬಕ್ಕೆ ಹೋಗುತ್ತೆ. ಈ ಮನೇಲಿ ಹದಿನೇಳು ಗಡಿಯಾರ. ಹನ್ನೊಂದು ಗಂಟೆ ಅನ್ನೋದು ದಿನಕ್ಕೆ ಹದಿನೇಳು ಸಲ ಆಗುತ್ತೆ!”

(ಮಾತು ಸುಳ್ಳಲ್ಲ. ರಿಪೇರಿಗೆ ಬಂದವೆಲ್ಲ ನಡುಮನೆಯ ಗೋಡೆಗೇ ನೇತಾಡುತ್ತಿದ್ದವು. ಒಂದೊಂದಕ್ಕೆ ಒಂದೊಂದು ಕಾಲಜ್ಞಾನ.)

ಸೊಸೆಗೆ ಹೇಳಬೇಕಾದದ್ದನ್ನು ಅಜ್ಜ ಯಾವಾಗಲೂ ಹೆಂಡತಿಗೇ ಹೇಳುವುದು. “ಕೇಳ್ದೇನೇ? ಶಾಲೆ ಮೆಟ್ಟಿಲು ಹತ್ತದೆ ನಾನು ಕಸುಬು ಕಲಿತೆ. ನನ್ನ ಹೊಟ್ಟೇನೂ ಹಾಗೇ, ಗುರುವಿಲ್ಲದೆ ಹೊತ್ತು ತಿಳ್ಕೊಂಡಿದೆ. ನಾಳೆ ಎಲ್ಲಾ ಗಡಿಯಾರ ನಿಲ್ಲಿಸ್ತೀನಿ. ಸರಿಯಾಗಿ ಒಂದು ಗಂಟೆಗೆ ಅದು ತಾನಾಗೇ ಕೂಗದಿದ್ರೆ, ಡಬ್ಬದ ಬೀಗದ ಕೈ ಅವಳಿಗೇ!”

“ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು,” ಎಂದಳು ಅಜ್ಜಿ. “ನೋಡ್ಕೊಂಡು ಆಡಿ.”

ಮರುದಿನ ಸೊಸೆಗೆ ರಜೆ. ತಿಂಡಿ ಮುಗಿಸಿದ ಅಜ್ಜ ಹದಿನೇಳು ಲೋಲಕಗಳನ್ನೂ ಕೈಯಾರೆ ಹಿಡಿದು ನಿಲ್ಲಿಸಿ, ಕಿಟಕಿಗೆ ಪರದೆ ಎಳೆದು ಕೂತ. ಅಷ್ಟರಲ್ಲಿ ಬೀದಿ ಕೊನೆಯ ಕ್ಷೌರಿಕ ತನ್ನ ಅಂಗಡಿಯ ಗಡಿಯಾರವನ್ನು ತಂದು ಮಡಿಲಿಗಿಟ್ಟ. “ಅಜ್ಜ, ಇದು ಮನಸ್ಸಿಗೆ ಬಂದಾಗ ಬಡೀತದೆ, ನೋಡಿ,” ಎಂದು ಓಡಿದ.

ಕಸುಬಿನವನ ಕೈ ಸುಮ್ಮನಿದ್ದೀತೆ? ಬಿಚ್ಚಿದ, ಊದಿದ, ಕೀಲಿ ಕೊಟ್ಟ. ಗಡಿಯಾರ ‘ಢಣ್’ ಎಂದು ಒಂದೇ ಒಂದು ಸಲ ಬಡಿಯಿತು. ಕೆಲಸದಲ್ಲಿ ಮುಳುಗಿದ್ದ ಅಜ್ಜನಿಗೆ ಅದರ ಗಮನವೇ ಇಲ್ಲ. ಆದರೆ ಗಳಿಗೆಯಲ್ಲಿ ಬಾಯಲ್ಲಿ ನೀರೂರಿತು.

“ತಟ್ಟೆ ಹಾಕ್ರೇ! ಕೂಗ್ತು ಹೊಟ್ಟೆ! ಒಂದು ಗಂಟೆ!”

ಸೊಸೆ ಬಂದು ತನ್ನ ಕೈಗಡಿಯಾರ ತೋರಿಸಿದಳು. ಒಂಬತ್ತೂ ನಲವತ್ತು. ತಿಂಡಿ ತಿಂದ ತಟ್ಟೆ ಇನ್ನೂ ಒಣಗಿರಲಿಲ್ಲ.

ಬೀಗದ ಕೈ ಹೋಯಿತು. ಹಟ ಹೋಗಲಿಲ್ಲ. “ಸರಿ, ಹೊಟ್ಟೆ ನಿಜವಾಗಿ ಕೂಗೋವರೆಗೂ ಒಂದು ತುತ್ತೂ ಮುಟ್ಟಲ್ಲ!” ಎಂದು ಅಜ್ಜ ಗುಡುಗಿದ. ಮಧ್ಯಾಹ್ನ ಅತ್ತೆ ಸೊಸೆ ಎದುರಿಗೇ ಕೂತು ಉಂಡರು. ಒಗ್ಗರಣೆಯ ಘಮ ಮೂಗಿಗೆ ಬಡಿದರೂ ಅಜ್ಜ ಗೋಡೆಯ ಕಡೆ ತಿರುಗಿದ.

“ಬನ್ನೀಂದ್ರೆ, ಹಟ ಸಾಕು,” ಎಂದಳು ಅಜ್ಜಿ.

“ಕೂಗಿಲ್ಲ.”

ಮೂರರ ಹೊತ್ತಿಗೆ ಕೂಗಿತು ನೋಡಿ! ಪಕ್ಕದ ಮನೆಯಲ್ಲಿ ಯಾರೋ ಬೆಂಚು ಎಳೆದರೆಂದುಕೊಂಡು ಅಜ್ಜಿ ಕಿಟಕಿಗೆ ಓಡಿದಳು.

ಅಜ್ಜ ಮೀಸೆ ತಿರುವಿದ. “ಗಂಟೆ ಇಲ್ಲ, ಗಡಿಯಾರ ಇಲ್ಲ, ತಾನಾಗೇ ಕೂಗಿದೆ! ಗೆದ್ದೋರು ಯಾರು? ಎಲ್ಲಿ ನನ್ನ ಬೀಗದ ಕೈ?”

“ನೀವೇ ಗೆದ್ರಿ ಮಾವ,” ಎಂದು ಸೊಸೆ ತಟ್ಟೆ ತುಂಬ ಬಡಿಸಿದಳು. “ಹೀಗೆ ಕೂಗಿದಾಗ ಮಾತ್ರ ತಿನ್ನಿ ಅಂತ ಆಸ್ಪತ್ರೇಲಿ ನಾನು ಬಾಯಿ ಬಡ್ಕೊಳ್ಳೋದು. ನೀವು ಒಂದೇ ದಿನದಲ್ಲಿ ಕಲಿತುಬಿಟ್ರಿ. ಇನ್ನು ನಿಮಗ್ಯಾಕೆ ಬೀಗದ ಕೈ?”

ಇದಕ್ಕೆ ತಕ್ಕ ಉತ್ತರ ಅಜ್ಜನಿಗೆ ಹೊಳೆಯದೆ ಇರಲಿಲ್ಲ. ಬಾಯಲ್ಲಿ ಜಾಗವಿರಲಿಲ್ಲ.