ನನ್ನ ಹಾಸಿಗೆಯಲ್ಲಿ ಲವಂಗ ಮಲಗಿದ ಬಗ್ಗೆ

ಪೆಂಬಾ ದ್ವೀಪದ ವೇಟೆ ಬಂದರಿನ ಮೇಲುಗಡೆ ನಾಲ್ಕು ಕೋಣೆ ಹಾಗೂ ಎರಡೂವರೆ ಫ್ಯಾನುಗಳ ವಸತಿಗೃಹ ನಡೆಸುತ್ತಿರುವ ಮಾನ್ಯ ಬೀ ತೀಮೆ ಫಾಕಿ ಅವರ ಸನ್ನಿಧಾನಕ್ಕೆ, ಪಕ್ಕದ ಉಂಗುಜಾ ದ್ವೀಪದ ಪೇಟೆಯ ದರ್ಜಿ ಮಕಾಮೆ ಶಾಮೆ ಮಾಡುವ ಸಲಾಮುಗಳು. ತಾವು, ತಮ್ಮ ಮಕ್ಕಳು, ತಮ್ಮ ಆಡುಗಳು, ಕೆಮ್ಮುವುದನ್ನು ಬಿಟ್ಟು ಬೇರೇನೂ ಮಾಡದ ತಮ್ಮ ನಲ್ಲಿ, ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ.

ಮಾನ್ಯರೇ, ಹುಟ್ಟಿದೂರಿನಲ್ಲಿ ತಂಗಿಯ ಮನೆಯಿದ್ದೂ ಹೋಟೆಲಿನಲ್ಲಿ ಇಳಿದೆನೆಂಬುದು ನಿಜ. ನಮ್ಮಲ್ಲಿ ಹಾಗೆ ಇಳಿಯುವುದೆಂದರೆ ಮನೆಜಗಳವನ್ನು ಡಂಗುರ ಹೊಡೆಸಿದ ಹಾಗೆ, ಹೊಡೆಸಬೇಕೆಂದೇ ಇಳಿದೆ. ಹನ್ನೊಂದು ವರ್ಷದ ಹಿಂದೆ ತನ್ನ ಮಗಳ ಮದುವೆಯಲ್ಲಿ ತಂಗಿ ಹಾದಿಯಾ, ಹುಡುಗಿಯ ಸೋದರಮಾವನಾದ ನನ್ನನ್ನು ಮನೆಯವರ ಹರಿವಾಣ ಬಿಡಿಸಿ ಗುರುತು ಪರಿಚಯವಿಲ್ಲದವರ ಹರಿವಾಣದ ಸುತ್ತ ಉಣ್ಣಲು ಕೂರಿಸಿದ್ದಳು. ಅಂದಿನಿಂದ ಅವಳ ಹೊಸ್ತಿಲು ತುಳಿದಿಲ್ಲ. ಈ ಸಲವೂ ಅವಳ ಮನೆಯ ಮುಂದೆ ನಾಲ್ಕು ಬಾರಿ ತಲೆಯೆತ್ತಿ ನಡೆದು, ಭಾನುವಾರದ ಹಡಗು ಹತ್ತುವುದೆಂದು ನಿಶ್ಚಯಿಸಿದ್ದೆ.

ತಮ್ಮ ಆತಿಥ್ಯದಲ್ಲಿ ಕೊರತೆಯಿತ್ತೆಂದು ಹೇಳಿದರೆ ನಾಲಿಗೆ ಸೇದಿಹೋದೀತು. ಬಾಗಿಲಿಗೆ ಚಿಲಕವಿಲ್ಲದ್ದರಿಂದ ಊರವರೆಲ್ಲ ಒಳಗೇ ಬಂದು, “ಯಾಕಣ್ಣಾ, ತಂಗಿ ಮನೇಲಿ ಚಾಪೆ ಹರಿದುಹೋಯ್ತಾ?” ಎಂದು ವಿಚಾರಿಸಲು ಬಹಳ ಅನುಕೂಲವಾಯಿತು. ಬೆಳಗಿನ ಮರಗೆಣಸು ಎಷ್ಟು ಗಟ್ಟಿಯಿತ್ತೆಂದರೆ, ಅದನ್ನು ಅಗಿಯುವಷ್ಟರಲ್ಲಿ ಮಧ್ಯಾಹ್ನದ ಹಸಿವೂ ಮುಗಿಯುತ್ತಿತ್ತು.

ಆದರೆ ಗುರುವಾರ ಮೋಡ ಕವಿಯಿತು. ಲವಂಗದ ಸುಗ್ಗಿಯಲ್ಲಿ ಮೋಡ ಕಂಡರೆ ಯಾರ ಲವಂಗವೆಂದು ಕೇಳದೆ ಎಲ್ಲರೂ ಓಡಬೇಕಾದ್ದು ನಮ್ಮೂರಿನ ರೀತಿಯಾದ್ದರಿಂದ, “ಮಕಾಮೆಯಣ್ಣಾ, ಮೋಡ! ಏಳಿ, ಏಳಿ!” ಎಂಬ ತಮ್ಮ ಕೂಗಿಗೆ ಅರ್ಧ ಚಹಾ ಬಿಟ್ಟು ಮಾಳಿಗೆ ಹತ್ತಿ ಅಲ್ಲಿ ಒಣಹಾಕಿದ್ದ ಲವಂಗವನ್ನೆಲ್ಲ ಬಾಚಿಕೊಟ್ಟೆ. ತಾವು ಅದನ್ನು ಮೂರನೇ ಕೋಣೆಗೆ ಹೊತ್ತು ತಂದು ನನ್ನ ಹಾಸಿಗೆಯ ಮೇಲೆ ಹರಡಿದಿರಿ. ಲವಂಗ ಮಲಗಿತು, ನಾನು ನಿಂತೆ. ಬೇರೆ ಕೋಣೆ ಕೇಳಿದ್ದಕ್ಕೆ, “ಅಲ್ಲೂ ಲವಂಗಾನೇ. ಇನ್ನು ಖಾಲಿ ಇರೋದು ನಿಮ್ ತಂಗಿ ಜಗಲಿ ಒಂದೇ ನೋಡಿ,” ಎಂದು ಹಲ್ಲು ಕಿರಿದಿರಿ.

ಆಗಲೇ ಆ ಲವಂಗ ತುಂಬಿ ಬಂದು ಮೂಲೆಯಲ್ಲಿ ಬಿದ್ದಿದ್ದ ಗೋಣಿಚೀಲದ ಹೊಲಿಗೆ ನನ್ನ ಕಣ್ಣಿಗೆ ಬಿದ್ದದ್ದು. ನಾಲ್ಕು ಹೊಲಿಗೆಗೊಂದು ಜೋಡಿಗಂಟು. ಆ ಗಂಟನ್ನು ಹತ್ತು ವರ್ಷದ ಹಾದಿಯಾಳಿಗೆ ಕೈ ಹಿಡಿದು ಕಲಿಸಿದವನು ನಾನೇ. ಲವಂಗ ಅವಳದು, ನಮ್ಮಪ್ಪ ನೆಟ್ಟ ಮರಗಳದು, ನನ್ನನ್ನು ಅಲ್ಲಿಂದ ಎಬ್ಬಿಸಲೆಂದೇ ತಾವಿಬ್ಬರೂ ಕೂಡಿ ತರಿಸಿದ್ದು!

ಮೈಯೆಲ್ಲ ಉರಿದುಹೋಯಿತು. ಅವಳ ಬಾಗಿಲಲ್ಲಿ ಎಸೆದು ಬರುತ್ತೇನೆಂದು ಚೀಲ ತುಂಬಿ ಹೆಗಲಿಗೇರಿಸಿ ಹೋದೆ. ಅವಳು ತಲೆಯನ್ನೂ ಎತ್ತದೆ, “ಪೂರ್ತಿ ಒಣಗಿದ್ಯಾ ನೋಡ್ಕೊಂಡು ತಂದ್ಯಾ, ಅಣ್ಣ? ಹೋಗು, ಕೈ ತೊಳ್ಕೊ,” ಎಂದಳು. ಆಮೇಲೆ ಅವಳು ತಂದಿಟ್ಟ ಹರಿವಾಣದ ಸುತ್ತ ನಾವಿಬ್ಬರೇ. ಮೀನಿನ ದೊಡ್ಡ ತುಂಡನ್ನು ನನ್ನ ಕಡೆಗೆ ತಳ್ಳಿ, “ಬಿಸಿ ಇದೆ, ಊದ್ಕೊಂಡು ತಿನ್ನು,” ಎಂದಳು. ಅವಳು ಕ್ಷಮೆ ಕೇಳಲಿಲ್ಲ, ನನಗೂ ಬೇಕೆನಿಸಲಿಲ್ಲ. ಲವಂಗದ ಘಾಟು ಎಂದು ಹೇಳಿ ಕಣ್ಣೊರೆಸಿಕೊಂಡೆ.

ಆದ್ದರಿಂದ, ಮಾನ್ಯರೇ, ನನ್ನ ದೂರು ಇಷ್ಟೇ. ಹನ್ನೊಂದು ವರ್ಷ ಮಡಿಕೆ ಕೆಡದಂತೆ, ನುಸಿ ತಾಗದಂತೆ ಜೋಪಾನ ಮಾಡಿಕೊಂಡು ಬಂದಿದ್ದ ನನ್ನ ಕೋಪವು ತಮ್ಮ ವಸತಿಗೃಹದಲ್ಲಿ ಕಳೆದುಹೋಗಿದೆ. ದಯಮಾಡಿ ಮಂಚದ ಕೆಳಗೆ, ಲವಂಗದ ರಾಶಿಯೊಳಗೆ ಹುಡುಕಿಸಿ, ಇದ್ದ ಮಡಿಕೆಯಲ್ಲೇ ಹಿಂದಿರುಗಿಸಬೇಕಾಗಿ ಪ್ರಾರ್ಥನೆ.

ಹಾಸಿಗೆ ಕಳೆದುಕೊಂಡರೂ ತಮ್ಮ ವಿಶ್ವಾಸಿಯಾಗಿಯೇ ಉಳಿದಿರುವ,
ಮಕಾಮೆ ಶಾಮೆ
(ಹಾದಿಯಾಳ ಜಗಲಿಯಿಂದ)

ಮರೆತ ಮಾತು: ಹುಡುಕಲು ಅವಸರವೇನಿಲ್ಲ, ಭಾನುವಾರದ ಹಡಗು ನಿನ್ನೆಯೇ ಹೋಯಿತು. ಸಿಕ್ಕಿದರೂ ಇಲ್ಲಿಗೆ ಕಳಿಸಬೇಡಿ. “ನಿನ್ ಕೋಪ ಮೂರನೇ ಕೋಣೇಲೇ ಇರ್ಲಿ ಬಿಡು. ಆ ಅರ್ಧ ಫ್ಯಾನಿನ ಬಗ್ಗೆ ದೂರು ಹೇಳ್ದೇ ಇರೋ ಗಿರಾಕಿ ಬೀ ತೀಮೆಗೆ ಇನ್ನೆಲ್ಲಿ ಸಿಗ್ಬೇಕು?” ಎಂದು ಹಾದಿಯಾ ನನ್ನ ಹೆಗಲ ಮೇಲಿಂದ ಇದನ್ನು ಓದುತ್ತಾ ಹೇಳುತ್ತಿದ್ದಾಳೆ.