ಮ್ಯಾನೇಜರರ ಕರಿಗೂದಲು

ನೆಗೆಟಿವ್ ಒಣಗಲೆಂದು ಅದನ್ನು ಆಫೀಸಿನ ಕಿಟಕಿಗೆ ಕ್ಲಿಪ್ ಹಾಕಿ ತೂಗುಬಿಟ್ಟದ್ದೇ ಹಿರಿಯ ಗುಮಾಸ್ತರು ಮಾಡಿದ ತಪ್ಪು. ಹತ್ತು ಗಂಟೆಗೆ ಬಂದ ಮ್ಯಾನೇಜರು ಅದನ್ನು ಬೆಳಕಿಗೆ ಹಿಡಿದು ನೋಡಿದವರು ಅಲ್ಲೇ ನಿಂತುಬಿಟ್ಟರು.

"ರೀ, ಇದರಲ್ಲಿ ನನ್ನ ಕೂದಲು ಕಪ್ಪಗಿದೆಯಲ್ರೀ."

"ಅದು ನೆಗೆಟಿವ್ ಸಾರ್. ಬಿಳೀದೆಲ್ಲಾ ಕಪ್ಪಾಗಿ ಕಾಣುತ್ತೆ. ಪ್ರಿಂಟ್ ಹಾಕಿದ್ರೆ ಸರಿಹೋಗುತ್ತೆ."

"ಸರಿಯಾಗೇ ಇದೆ, ಯಾಕೆ ಕೆಡಿಸ್ತೀರಿ? ಮುಖ ಬೆಳ್ಳಗೆ ಮಾಡಿ, ಕೂದಲು ಹೀಗೇ ಇರಲಿ."

ಮ್ಯಾನೇಜರಿಗೆ ಅಂದು ಕೊನೆಯ ದಿನ. ಸಂಜೆ ಐದಕ್ಕೆ ಬೀಳ್ಕೊಡುಗೆ. ಗುಮಾಸ್ತರು ಭಾನುವಾರದ ಕ್ಲಾಸಿನಲ್ಲಿ ಕಪ್ಪುಬಿಳುಪು ಫೋಟೋ ಕಲಿಯುತ್ತಿದ್ದಾರೆಂಬ ಸುದ್ದಿ ಹೇಗೋ ಹಬ್ಬಿ, ಫೋಟೋದ ಕೆಲಸ ಅವರ ಕೊರಳಿಗೆ ಬಿದ್ದಿತ್ತು. ಇಪ್ಪತ್ತೆರಡು ವರ್ಷ ಮ್ಯಾನೇಜರ ಕುರ್ಚಿಯ ಪಕ್ಕ ನಿಂತು ಗುಮಾಸ್ತರ ಕಾಲು ಸೋತಿತ್ತು. ತಮ್ಮ ಸರ್ವೀಸು ಉಳಿದಿರುವುದು ಇನ್ನು ಒಂದೂವರೆ ವರ್ಷ. ಅಷ್ಟಾದರೂ ಆ ಕುರ್ಚಿಯಲ್ಲಿ ಕೂತು ಮನೆಗೆ ಹೋಗಬೇಕೆಂಬುದೊಂದೇ ಆಸೆ. ನಾಳೆಯಿಂದ ಕುರ್ಚಿ ತಮ್ಮದು, ಹೋಗುವವರ ಮನಸ್ಸು ಯಾಕೆ ನೋಯಿಸಬೇಕು ಎಂದು ಒಪ್ಪಿಕೊಂಡರು.

ಹಳೇ ಫೈಲುಗಳ ಕೋಣೆಗೆ ಕೆಂಪು ಬಲ್ಬು ಹಾಕಿ, ಕಿಟಕಿಗೆ ಕಂಬಳಿ ಹೊದಿಸಿ, ಫೋಟೋ ಮೇಷ್ಟರಿಂದ ಎರವಲು ತಂದ, ನೆಗೆಟಿವನ್ನು ಕಾಗದದ ಮೇಲೆ ದೊಡ್ಡದಾಗಿ ಬೀಳಿಸುವ ಎನ್‌ಲಾರ್ಜರ್ ಮುಂದೆ ಕೂತರು. ಉಪಾಯವೇನೋ ಗೊತ್ತಿತ್ತು. ಕಾಗದದ ಮೇಲೆ ಬೆಳಕು ಹೆಚ್ಚು ಬಿದ್ದಲ್ಲಿ ಕಪ್ಪು ಹೆಚ್ಚು. ರಟ್ಟಿಗೆ ತೂತು ಕೊರೆದು ಕೂದಲಿಗೆ ಮಾತ್ರ ಬೆಳಕು ಬಿಟ್ಟರಾಯಿತು. ಮೊದಲನೆಯದರಲ್ಲಿ ರಟ್ಟು ಜಾರಿ ಹಣೆಯೂ ಕಪ್ಪಾಯಿತು. ಎರಡನೆಯದರಲ್ಲಿ ಕಿವಿಗಳು ಮಾಯವಾದವು. ಮೂರನೆಯದು ಡೆವಲಪರ್ ದ್ರಾವಣದಲ್ಲಿ ಮೂಡುತ್ತಿದ್ದಾಗ ಟೈಪಿಸ್ಟಮ್ಮ ಬಾಗಿಲು ತಳ್ಳಿದರು. ಬೆಳಕು ನುಗ್ಗಿ ನೋಡನೋಡುತ್ತ ಹಾಳೆಯೆಲ್ಲ ಮಸಿಯಾಯಿತು.

"ಸಾರ್, ಹಳೇ ರಿಜಿಸ್ಟರು... ಅಯ್ಯೋ, ಇದ್ಯಾವ ಕರಡಿ?"

"ನೀವು ಬಾಗಿಲು ತೆಗೆಯೋವರೆಗೂ ಮ್ಯಾನೇಜರಾಗಿದ್ರಮ್ಮ."

ಐದನೆಯದನ್ನು ನೋಡಲು ಬಂದ ಕ್ಯಾಷಿಯರು ತಲೆ ಕೆರೆದುಕೊಂಡರು. "ಮೀಸೆನೂ ಕಪ್ಪು ಮಾಡಿಬಿಡಿ ಸಾರ್. ಇಲ್ಲಾಂದ್ರೆ ಟೋಪನ್ ಹಾಕ್ಕೊಂಡ ಹಾಗಿರುತ್ತೆ."

ಮಾತು ನಿಜವಾಗಿತ್ತು, ಅದೇ ಸಂಕಟ. ಮೀಸೆಗೊಂದು ತೂತು, ಹುಬ್ಬಿಗೆರಡು. ಊಟವಿಲ್ಲ, ಸೊಂಟ ಹಿಡಿದುಕೊಂಡಿತ್ತು. ಮೂರು ಗಂಟೆಗೆ, ಹನ್ನೊಂದನೆಯ ಹಾಳೆಯಲ್ಲಿ, ಮ್ಯಾನೇಜರು ನಲವತ್ತರ ಮದುವೆಗಂಡಿನಂತೆ ಮೂಡಿಬಂದರು. ಗುಮಾಸ್ತರಿಗೆ ಅಷ್ಟು ಸುಸ್ತಿನಲ್ಲೂ ಹೆಮ್ಮೆಯೆನಿಸಿತು. ಆ ಒಂದು ಗಳಿಗೆ ಕುರ್ಚಿ ಕೂಡ ಮರೆತುಹೋಯಿತು.

ಕಂಪನಿಯ ಯಜಮಾನರು ಎಂಟು ವರ್ಷದಿಂದ ಹಾಸಿಗೆ ಹಿಡಿದಿದ್ದವರು. ಬೀಳ್ಕೊಡುಗೆ ಪತ್ರಕ್ಕೆ ಸಹಿ ಹಾಕುವಾಗ ಒಮ್ಮೆ ಮುಖ ನೋಡಲಿ ಎಂದು ಮ್ಯಾನೇಜರು ಪತ್ರದ ಜೊತೆ ಫೋಟೋವನ್ನೂ ಜವಾನನ ಕೈಯಲ್ಲಿ ಅವರ ಮನೆಗೆ ಕಳಿಸಿದರು.

ಐದಕ್ಕೆ ಎಲ್ಲರೂ ಸೇರಿದಾಗ ಜವಾನ ವಾಪಸ್ಸು ಬಂದ. ಪತ್ರದಲ್ಲಿ ಸಹಿ ಇರಲಿಲ್ಲ. ಹಿಂಬದಿಯಲ್ಲಿ ನಡುಗುವ ಅಕ್ಷರದ ಮೂರು ಸಾಲುಗಳಿದ್ದವು. ಮ್ಯಾನೇಜರು ಗಟ್ಟಿಯಾಗಿ ಓದಿದರು: "ನಿಮಗೆ ವಯಸ್ಸಾಯಿತೆಂದು ತಿಳಿದಿದ್ದೆ. ಫೋಟೋ ನೋಡಿ ಸಮಾಧಾನವಾಯಿತು. ಇನ್ನೆರಡು ವರ್ಷ ನೀವೇ ನೋಡಿಕೊಳ್ಳಿ."

ಚಪ್ಪಾಳೆ ಬಿದ್ದವು. ಗುಮಾಸ್ತರ ಕೈಗಳೂ ಅಭ್ಯಾಸಬಲದಿಂದ ತಟ್ಟಿದವು. ಮ್ಯಾನೇಜರು ಬಂದು ಆ ಎರಡೂ ಕೈಗಳನ್ನು ಹಿಡಿದುಕೊಂಡರು. ಅವರ ಕಣ್ಣು ತುಂಬಿತ್ತು.

"ನಿಮ್ಮ ಉಪಕಾರ ಮರೆಯಲ್ಲರೀ. ಈ ವಿದ್ಯೆ ನನಗೂ ಹೇಳಿಕೊಡಿ. ನಿಮ್ಮ ಬೀಳ್ಕೊಡುಗೆ ಫೋಟೋ ನಾನೇ ತೆಗೀತೀನಿ."

"ಆಗ್ಲಿ ಸಾರ್" ಎಂದು ಗುಮಾಸ್ತರು ಕುರ್ಚಿಯ ಪಕ್ಕಕ್ಕೆ ಹೋಗಿ ನಿಂತರು.