ಮರ್ಯಾದೆಗೆ ಚುಚ್ಚಿಸಿಕೊಂಡ ಇಂಜೆಕ್ಷನ್

ಪುರಾವೆಯಿಲ್ಲದೆ ಏನನ್ನೂ ನಂಬಬಾರದೆಂದು ವಿಶ್ವವಿದ್ಯಾಲಯದಲ್ಲಿ ಕಲಿತು ಬಂದವನು ನಾನು. ದೇವರಿಂದ ಹಿಡಿದು ಹವಾಮಾನ ವರದಿಯವರೆಗೆ ಎಲ್ಲದರ ಮೇಲೂ ಅನುಮಾನ. ತೊಂದರೆಯೆಂದರೆ, ಈಚೆಗೆ ನನ್ನ ನೆನಪೂ ಆ ಸಾಲಿಗೆ ಸೇರಿಕೊಂಡಿದೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಶಿರಸಿ ಬಸ್‌ಸ್ಟ್ಯಾಂಡಿನಿಂದ ಮನೆಗೆ ಓಡಿ, ಓಡಿಬಂದದ್ದು ಯಾಕೆಂದು ಹೆಂಡತಿಯನ್ನೇ ಕೇಳಿದ್ದೇನೆ.

ಇಂಥ ನಾನು ಉಮ್ಮಚಗಿಯ ಸರಸ್ವತಿ ಅತ್ತೆಯನ್ನು ನಕಲಿ ಡಾಕ್ಟರನಿಂದ ಕಾಪಾಡಲು ಹೊರಟೆ. ಅತ್ತೆಗೆ ಸಕ್ಕರೆ ಕಾಯಿಲೆ. ಮೊದಲು ಎಲ್ಲೋ ಔಷಧಿ ಅಂಗಡಿಯಲ್ಲಿ ಪೊಟ್ಟಣ ಕಟ್ಟುತ್ತಿದ್ದವನೊಬ್ಬ ಈಗ ಬೈಕಿನಲ್ಲಿ ಮನೆಮನೆಗೆ ಬಂದು, ಅವಳ ಮಾತ್ರೆಗಳನ್ನೆಲ್ಲ ನಿಲ್ಲಿಸಿ, ವಾರಕ್ಕೊಮ್ಮೆ ಸೂಜಿ ಚುಚ್ಚಿ ಹೋಗುತ್ತಿದ್ದ. ಅವಳ ಕಾಲಿನ ಗಾಯ ಮಾತ್ರ ಒಣಗುವ ಲಕ್ಷಣವಿರಲಿಲ್ಲ.

"ಎಂತಕ್ಕೆ ಚುಚ್ಚಿಸ್ಕತ್ತೆ ಅತ್ತೆ?" ಎಂದೆ.

"ಪಾಪ, ಅಷ್ಟು ದೂರದಿಂದ ಬತ್ತ. ಬ್ಯಾಡ ಹೇಳಿ ಹ್ಯಾಂಗೆ ಕಳ್ಸದು ತಮಾ? ಬೇಜಾರು ಮಾಡ್ಕತ್ತ."

ನಮ್ಮ ಕಡೆ ಕೊಟ್ಟ ಚಹಾ ಬೇಡ ಎನ್ನುವುದಕ್ಕೇ ಎದೆಗಾರಿಕೆ ಬೇಕು. ಅತ್ತೆ ಸೂಜಿಯನ್ನೂ ಚಹಾದ ಲೆಕ್ಕಕ್ಕೆ ಸೇರಿಸಿದ್ದಳು.

ಬೈಕಿನ ಸದ್ದಾಯಿತು. ಎಲ್ಲಿ ಓದಿದ್ದು, ನೋಂದಣಿ ಸಂಖ್ಯೆ ಎಷ್ಟು ಎಂದೆಲ್ಲ ಕೇಳಬೇಕೆಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದೆ. "ನೀವು... ಅದೇ... ಏನೋ ಕೇಳ್ಬೇಕಿತ್ತು," ಎಂದೆ.

ಅವನು ನನ್ನ ಕಣ್ಣುರೆಪ್ಪೆ ಎತ್ತಿ ನೋಡಿದ. "ಮರವು ಭಾಳ ಐತಲ್ರಿ ಸರ ನಿಮಗ?"

ದಂಗಾದೆ. ಇವನಿಗೆ ಹೇಗೆ ತಿಳಿಯಿತು!

"ಒಂದ ಇಂಜೆಕ್ಷನ್ ಸಾಕ್ರಿ. ತೊಟ್ಟಿಲದಾಗ ಇದ್ದದ್ದೂ ನೆನಪಾಕ್ಕೈತಿ."

ಪರೀಕ್ಷಿಸದೆ ತಳ್ಳಿಹಾಕುವುದೂ ವಿಜ್ಞಾನವಲ್ಲ ಎಂದುಕೊಳ್ಳುತ್ತ ಅಂಗಿಯ ಎಡತೋಳು ಮಡಚಿದೆ. ಅಷ್ಟರಲ್ಲಿ ಚಹಾ ತಂದ ಅತ್ತೆ ಚೀರಿದಳು: "ಅವನ್ನ ಮುಟ್ಟಬೇಡಿ ಮಾರಾಯ್ರೇ! ಹೆಂಡ್ತಿ ಮಕ್ಕಳು ಇರೋನು!"

ಅವನು ಚಹಾ ಕೂಡ ಮುಟ್ಟದೆ ಬೈಕ್ ಹತ್ತಿದ.

"ಅಂವಂಗೆ ಎಂತದೂ ಬತ್ತಿಲ್ಲೆ ಹೇಳಿ ಎಂಗೆ ಮೊದ್ಲಿಂದ್ಲೂ ಗೊತ್ತಿದ್ದು. ಓದಿದಂವ ನೀನು, ನಿಂಗೆ ಗೊತ್ತಾಗ್ತಿಲ್ಯನಾ?" ಎಂದು ಅತ್ತೆ ನನ್ನ ಮೇಲೆ ಹರಿಹಾಯ್ದಳು. "ನಡೆ, ಈಗ್ಲೇ ಎನ್ನ ಆಸ್ಪತ್ರೆಗೆ ಕರ್ಕಂಡು ಹೋಗು. ಇಲ್ಲದಿದ್ರೆ ಅಂವನೂ ಬತ್ತಾ ಇರ್ತ, ನೀನೂ ಬತ್ತಾ ಇರ್ತೆ."

ಯಲ್ಲಾಪುರದ ಆಸ್ಪತ್ರೆಯಲ್ಲಿ ಡಾಕ್ಟರು ಗಾಯ ತೊಳೆದು, ಮಾತ್ರೆ ಮತ್ತೆ ಶುರುಮಾಡಿ, ಇನ್ನಷ್ಟು ತಡವಾಗಿದ್ದರೆ ಕಾಲ್ಬೆರಳಿಗೇ ಕುತ್ತು ಬರುತ್ತಿತ್ತು ಎಂದರು. ಸೂಜಿಯ ಕತೆ ಕೇಳಿ, ಆ ನಕಲಿ ಡಾಕ್ಟರ್ ಏನಾದ ಎಂದೂ ವಿಚಾರಿಸಿದರು.

"ನಾನು ನೋಂದಣಿ ಸಂಖ್ಯೆ ಕೇಳಿದ್ದೇ ತಡ, ಓಡಿಹೋದ," ಎಂದೆ. ನನಗೆ ನೆನಪಿರುವುದು ಹಾಗೇ.

ಅತ್ತೆ ಅಲ್ಲ ಎನ್ನಲಿಲ್ಲ. ಯಾರಿಗೂ ಬೇಜಾರು ಮಾಡುವವಳಲ್ಲ ಅವಳು. ಸುಮ್ಮನೆ ಕೈಚಾಚಿ, ಮಡಚಿಯೇ ಇದ್ದ ನನ್ನ ಎಡತೋಳನ್ನು ಕೆಳಗಿಳಿಸಿ ಗುಂಡಿ ಹಾಕಿದಳು.